ಸ್ತನಛೇದನ ಮತ್ತು ಪೂರ್ಣತೆಯ ಪ್ರಶ್ನೆ

ಸ್ತನ ಕ್ಯಾನ್ಸರಿಗೆ ಒಳಗಾದ ಹೆಂಗಸಿನ ಸ್ತನವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದ ಮೇಲೆ ಆಕೆಯಿಂದ ನಿಜವಾಗಿ ಹೋದದ್ದೇನು ಎಂಬ ಪ್ರಶ್ನೆಗೆ ವೈದ್ಯಶಾಸ್ತ್ರದ ಉತ್ತರ ಸ್ಪಷ್ಟವಾಗಿಯೇ ಇದೆ: ಹಾಲನ್ನು ಉಂಟುಮಾಡುವ ಗ್ರಂಥಿಗಳು, ಆ ಹಾಲನ್ನು ತೊಟ್ಟಿನವರೆಗೆ ಒಯ್ಯುವ ನಾಳಗಳು, ಅವನ್ನು ಸುತ್ತುವರಿದ ಕೊಬ್ಬು, ಮೇಲಿನ ಚರ್ಮದ ಒಂದು ಭಾಗ, ಇವುಗಳ ಜೊತೆಗೆ ಅಲ್ಲಿ ಬೆಳೆದಿದ್ದ ಗಡ್ಡೆ. ಆದರೆ ಇಷ್ಟನ್ನು ಹೇಳಿ ಮುಗಿಸಿದರೆ ಆ ಹೆಂಗಸಿಗೂ ಆಕೆಯ ಮನೆಯವರಿಗೂ ಉತ್ತರ ಸಿಕ್ಕಿದಂತೆ ಆಗುವುದಿಲ್ಲ, ಏಕೆಂದರೆ ಅವರು ಕೇಳುತ್ತಿರುವುದು ದೇಹದ ಲೆಕ್ಕವನ್ನಲ್ಲ. ಒಂದು ಅಂಗ ಇಲ್ಲದ ಮೇಲೆ ಮನುಷ್ಯ ಪೂರ್ಣನೇ, ಆ ಅಂಗ ಹೆಣ್ತನದ ಗುರುತೆಂದು ಲೋಕ ಒಪ್ಪಿಕೊಂಡಿರುವಾಗ ಅದಿಲ್ಲದವಳು ಯಾರು, ಈ ನೋವು ಯಾವುದಾದರೂ ತಪ್ಪಿಗೆ ಬಂದ ಫಲವೇ ಎಂಬಂಥ ಪ್ರಶ್ನೆಗಳು ಆಸ್ಪತ್ರೆಯ ಹಾಸಿಗೆಯ ಸುತ್ತ ಎದ್ದೇ ಏಳುತ್ತವೆ. ಇವು ಧರ್ಮದ ಮತ್ತು ದರ್ಶನದ ಪ್ರಶ್ನೆಗಳು. ಅವುಗಳಿಗೆ ಪರಂಪರೆಯಲ್ಲಿ ಇರುವ ಉತ್ತರಗಳನ್ನು ಪರಿಶೀಲಿಸುವುದಕ್ಕೆ ಮುಂಚೆ, ಈ ಶಸ್ತ್ರಚಿಕಿತ್ಸೆ ಏನೆಂಬುದನ್ನು ಸರಿಯಾಗಿ ತಿಳಿದಿರಬೇಕಾಗುತ್ತದೆ.

ಭಾರತದ ಹೆಂಗಸರಲ್ಲಿ ಅತಿ ಹೆಚ್ಚಾಗಿ ಕಾಣಿಸಿಕೊಳ್ಳುವ ಕ್ಯಾನ್ಸರ್ ಸ್ತನದ್ದೇ ಆಗಿದ್ದು, 2022ರ ಅಂದಾಜಿನ ಪ್ರಕಾರ ದೇಶದಲ್ಲಿ ಆ ಒಂದು ವರ್ಷ ಸುಮಾರು 1.9 ಲಕ್ಷ ಹೊಸ ರೋಗಿಗಳು ಪತ್ತೆಯಾದರು, ಸುಮಾರು 98 ಸಾವಿರ ಮಂದಿ ತೀರಿಕೊಂಡರು. ಮಾಸ್ಟೆಕ್ಟಮಿ ಎಂದು ವೈದ್ಯರು ಕರೆಯುವ ಸ್ತನಛೇದನದಲ್ಲಿ ಹಲವು ಬಗೆಗಳಿವೆ. ಸ್ತನದ ಅಂಗಾಂಶವನ್ನು ತೊಟ್ಟಿನ ಸಹಿತ ತೆಗೆದು ಎದೆಯ ಸ್ನಾಯುಗಳನ್ನು ಹಾಗೆಯೇ ಬಿಡುವುದು ಸರಳ ಛೇದನ. ಅದರೊಂದಿಗೆ ಕಂಕುಳಿನ ದುಗ್ಧರಸ ಗ್ರಂಥಿಗಳನ್ನೂ, ಅಂದರೆ ರೋಗದ ಕಣಗಳು ಮೊದಲು ತಲುಪುವ ಸಣ್ಣ ಗಂಟುಗಳನ್ನೂ, ತೆಗೆದರೆ ಅದು ಪರಿಷ್ಕೃತ ಆಮೂಲ ಛೇದನ. ಎದೆಯ ಸ್ನಾಯುಗಳನ್ನೂ ಕಿತ್ತುಹಾಕುವ ಹಳೆಯ ಆಮೂಲ ಛೇದನ ಈಗ ಬಹುಮಟ್ಟಿಗೆ ಬಳಕೆಯಲ್ಲಿಲ್ಲ. ಗಡ್ಡೆಯನ್ನೂ ಅದರ ಸುತ್ತಲಿನ ಸ್ವಲ್ಪ ಭಾಗವನ್ನೂ ಮಾತ್ರ ತೆಗೆದು, ಉಳಿದ ಸ್ತನಕ್ಕೆ ವಿಕಿರಣ ಚಿಕಿತ್ಸೆ, ಅಂದರೆ ಜನರ ಬಾಯಲ್ಲಿ ‘ಕರೆಂಟ್ ಕೊಡುವುದು’ ಎನಿಸಿಕೊಂಡದ್ದನ್ನು, ಕೊಟ್ಟು ಸ್ತನವನ್ನು ಉಳಿಸಿಕೊಳ್ಳುವ ಮಾರ್ಗವೂ ಇದೆ. ಗಡ್ಡೆ ತುಂಬ ದೊಡ್ಡದಾಗಿದ್ದರೆ, ಒಂದೇ ಸ್ತನದ ಬೇರೆಬೇರೆ ಭಾಗಗಳಲ್ಲಿ ರೋಗ ಕಾಣಿಸಿಕೊಂಡಿದ್ದರೆ, ಆ ಭಾಗಕ್ಕೆ ಹಿಂದೆಯೇ ವಿಕಿರಣ ಕೊಟ್ಟಿದ್ದರೆ ಅಥವಾ ಯಾವುದೋ ಕಾರಣಕ್ಕೆ ಕೊಡಲಾಗದಿದ್ದರೆ ಛೇದನವೇ ಉಳಿಯುವ ದಾರಿ. ಭಾರತದಲ್ಲಿ ಅನೇಕರು ಗಂಟನ್ನು ಕೈಯಿಂದ ಗುರುತಿಸಿದ ಮೇಲೂ ತಿಂಗಳುಗಟ್ಟಲೆ ಯಾರಿಗೂ ಹೇಳದೆ, ರೋಗ ಮುಂದುವರಿದ ಮೇಲೆ ಆಸ್ಪತ್ರೆಗೆ ಬರುವುದರಿಂದ, ವಾರಗಟ್ಟಲೆ ವಿಕಿರಣಕ್ಕಾಗಿ ದೂರದ ನಗರದಲ್ಲಿ ಉಳಿಯಲು ಆಗದಿರುವುದರಿಂದ, ಇಲ್ಲಿ ಛೇದನದ ಪ್ರಮಾಣ ಹೆಚ್ಚು. ಇದನ್ನು ರೋಗದ ಸ್ವಭಾವವೆಂದು ತಿಳಿದರೆ ತಪ್ಪಾಗುತ್ತದೆ; ಇದರಲ್ಲಿ ಬಡತನದ, ದೂರದ ಮತ್ತು ಸಂಕೋಚದ ಪಾಲೇ ದೊಡ್ಡದು.

ಈ ಶಸ್ತ್ರಚಿಕಿತ್ಸೆಯ ಇತಿಹಾಸದಲ್ಲಿಯೇ ಒಂದು ತಾತ್ವಿಕ ನಿಲುವು ಅಡಗಿತ್ತೆಂಬುದನ್ನು ಗಮನಿಸಬೇಕು. ಅಮೆರಿಕದ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ 1882ರಲ್ಲಿ ಆರಂಭಿಸಿ, ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ತನ್ನ ಫಲಿತಾಂಶಗಳನ್ನು 1894ರಲ್ಲಿ ಪ್ರಕಟಿಸಿದ ಆಮೂಲ ಛೇದನದ ಹಿಂದೆ, ಕ್ಯಾನ್ಸರ್ ಒಂದು ಕೇಂದ್ರದಿಂದ ಹೊರಟು ಹೆಜ್ಜೆಹೆಜ್ಜೆಯಾಗಿ ಸುತ್ತಲೂ ಹರಡುತ್ತದೆ, ಆದ್ದರಿಂದ ಕೇಂದ್ರದಿಂದ ಎಷ್ಟು ದೂರದವರೆಗೆ ಕತ್ತರಿಸಿದರೆ ಅಷ್ಟು ಕ್ಷೇಮ ಎಂಬ ನಂಬಿಕೆಯಿತ್ತು. ಕೆಡುಕಿಗೆ ಒಂದು ನೆಲೆಯಿದೆ, ನೆಲೆಯನ್ನು ಬೇರುಸಹಿತ ಕಿತ್ತರೆ ಕೆಡುಕು ಇಲ್ಲವಾಗುತ್ತದೆ ಎಂಬುದು ಬರಿಯ ವೈದ್ಯಕೀಯ ಊಹೆಯಾಗಿರದೆ, ಮನುಷ್ಯ ಪಾಪದ ವಿಷಯದಲ್ಲಿಯೂ ಶತ್ರುವಿನ ವಿಷಯದಲ್ಲಿಯೂ ಹಿಂದಿನಿಂದ ಹಿಡಿದುಕೊಂಡು ಬಂದಿರುವ ಊಹೆ. ಸುಶ್ರುತಸಂಹಿತೆಯೂ ಅರ್ಬುದವನ್ನು, ಅಂದರೆ ಗಡ್ಡೆಯನ್ನು, ಶೇಷವುಳಿಸದೆ ತೆಗೆಯಬೇಕು, ಉಳಿದರೆ ಅದು ಮತ್ತೆ ಬೆಳೆಯುತ್ತದೆ ಎಂದು ಎಚ್ಚರಿಸುತ್ತದೆ. ಆ ಎಚ್ಚರ ಇಂದಿಗೂ ಸರಿಯೇ, ಗಡ್ಡೆಯ ಅಂಚಿನಲ್ಲಿ ರೋಗ ಉಳಿದಿಲ್ಲವೆಂಬುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಖಚಿತಪಡಿಸಿಕೊಳ್ಳುವ ಪದ್ಧತಿ ಅದರ ಮೇಲೆಯೇ ನಿಂತಿದೆ. ಆದರೆ ಗಡ್ಡೆಯನ್ನು ಶೇಷವಿಲ್ಲದಂತೆ ತೆಗೆಯುವುದಕ್ಕೂ ದೇಹವನ್ನು ಆದಷ್ಟು ಹೆಚ್ಚು ಕತ್ತರಿಸುವುದಕ್ಕೂ ಇರುವ ಅಂತರವನ್ನು ಹಾಲ್‌ಸ್ಟೆಡ್‌ನ ಅನುಯಾಯಿಗಳು ಮರೆತರು, ಮತ್ತು ಸುಮಾರು ಮುಕ್ಕಾಲು ಶತಮಾನದ ಕಾಲ ಲಕ್ಷಾಂತರ ಹೆಂಗಸರು ತೋಳನ್ನು ಸರಿಯಾಗಿ ಎತ್ತಲಾಗದೆ, ಕೈ ಊದಿಕೊಂಡು, ಎದೆಗೂಡಿನ ಮೇಲೆ ಚರ್ಮ ಮಾತ್ರ ಉಳಿದು ಬದುಕಿದರು.

ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದವರಲ್ಲಿ ಪಿಟ್ಸ್‌ಬರ್ಗಿನ ಬರ್ನಾರ್ಡ್ ಫಿಶರ್ ಮತ್ತು ಮಿಲಾನಿನ ಉಂಬೆರ್ತೊ ವೆರೊನೇಸಿ ಎಂಬ ಶಸ್ತ್ರವೈದ್ಯರು ಮುಖ್ಯರು. ಫಿಶರ್ 1971ರಲ್ಲಿ ಆರಂಭಿಸಿದ ಅಧ್ಯಯನದಲ್ಲಿ 1,600ಕ್ಕೂ ಹೆಚ್ಚು ಹೆಂಗಸರನ್ನು ಆಮೂಲ ಛೇದನ ಮತ್ತು ಅದಕ್ಕಿಂತ ಕಡಿಮೆ ಪ್ರಮಾಣದ ಛೇದನಗಳ ನಡುವೆ ಹಂಚಿ ನೋಡಿದಾಗ ಬದುಕುಳಿಯುವ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅವನ ಮುಂದಿನ ಅಧ್ಯಯನವೂ ವೆರೊನೇಸಿ 1973ರಲ್ಲಿ 701 ಹೆಂಗಸರೊಂದಿಗೆ ಆರಂಭಿಸಿದ ಅಧ್ಯಯನವೂ, ಸ್ತನವನ್ನು ಉಳಿಸಿಕೊಂಡು ವಿಕಿರಣ ಪಡೆದವರು ಸ್ತನ ಕಳೆದುಕೊಂಡವರಷ್ಟೇ ಕಾಲ ಬದುಕುತ್ತಾರೆಂದು ತೋರಿಸಿದವು, ಇಪ್ಪತ್ತು ವರ್ಷಗಳ ಫಲಿತಾಂಶಗಳು 2002ರಲ್ಲಿ ಪ್ರಕಟವಾದಾಗಲೂ ಆ ಮಾತು ಬದಲಾಗಲಿಲ್ಲ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ರಾಜೇಂದ್ರ ಬಡ್ವೆ ಮತ್ತು ಸಂಗಡಿಗರು 350 ಹೆಂಗಸರಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ದಿಕ್ಕಿನಿಂದ ಇದೇ ಪಾಠವನ್ನು ಕಲಿಸಿತು: ರೋಗ ಪತ್ತೆಯಾಗುವಾಗಲೇ ದೇಹದ ಬೇರೆ ಭಾಗಗಳಿಗೆ ಹರಡಿದ್ದರೆ, ಸ್ತನವನ್ನು ತೆಗೆದು ಆ ಭಾಗಕ್ಕೆ ಚಿಕಿತ್ಸೆ ಕೊಟ್ಟದ್ದರಿಂದ ಆಯುಸ್ಸು ಹೆಚ್ಚಲಿಲ್ಲ. ಫಿಶರ್ ಮಂಡಿಸಿದ ವಿಚಾರವೆಂದರೆ, ಈ ರೋಗ ಅನೇಕ ಸಂದರ್ಭಗಳಲ್ಲಿ ಮೊದಲಿನಿಂದಲೇ ಇಡೀ ದೇಹಕ್ಕೆ ಸಂಬಂಧಪಟ್ಟದ್ದು, ಆದ್ದರಿಂದ ಕತ್ತಿಯ ಜೊತೆಗೆ ಔಷಧಕ್ಕೂ ಕೆಲಸವಿದೆ. ಕೆಡುಕನ್ನು ಒಂದು ಅಂಗಕ್ಕೆ ಕಟ್ಟಿಹಾಕಿ ಆ ಅಂಗವನ್ನು ಬಲಿಕೊಟ್ಟರೆ ಶುದ್ಧಿಯಾಗುತ್ತದೆಂಬ ಕಲ್ಪನೆ ವೈದ್ಯಶಾಸ್ತ್ರದಲ್ಲಿ ಹೀಗೆ ಸೋತಿತು. ಜನಮನದಲ್ಲಿ ಇನ್ನೂ ಸೋತಿಲ್ಲ.

ಜನಮನದ ಇನ್ನೊಂದು ಕಲ್ಪನೆ ದೇವಾಲಯದಿಂದ ಬಂದದ್ದು. ಆಗಮಗಳ ಪ್ರಕಾರ ಭಿನ್ನವಾದ ಮೂರ್ತಿ ಪೂಜೆಗೆ ಅರ್ಹವಲ್ಲ. ಮುಖ್ಯ ಅಂಗ ಮುರಿದ ವಿಗ್ರಹವನ್ನು ವಿಧಿಪೂರ್ವಕವಾಗಿ ತೆಗೆದು ನೀರಿನಲ್ಲಿ ವಿಸರ್ಜಿಸಬೇಕು. ಹಂಪಿಯಲ್ಲಿ 1528ರಲ್ಲಿ ಕಡೆದ, ಆಮೇಲೆ ಭಿನ್ನವಾದ ಏಕಶಿಲಾ ನರಸಿಂಹನಿಗೆ ಪೂಜೆಯಿಲ್ಲ, ಅದರ ಪಕ್ಕದಲ್ಲಿಯೇ ನೀರಿನ ನಡುವೆ ನಿಂತಿರುವ ಬಡವಿಲಿಂಗಕ್ಕೆ ಪೂಜೆ ನಡೆದು ಬಂದಿದೆ. ಕಲ್ಲಿಗೆ ಅನ್ವಯಿಸುವ ಈ ನಿಯಮವನ್ನು ಯಾರೂ ಬಾಯಿಬಿಟ್ಟು ಹೇಳದೆಯೇ ಹೆಂಗಸಿನ ದೇಹಕ್ಕೂ ಅನ್ವಯಿಸುವುದುಂಟು. ಶಸ್ತ್ರಚಿಕಿತ್ಸೆಯಾದ ಹೆಂಗಸು ಅರಿಸಿನ ಕುಂಕುಮಕ್ಕೆ ಕರೆದರೆ ಹಿಂಜರಿಯುವುದು, ಮಂಗಳಕಾರ್ಯದಲ್ಲಿ ತಾನಾಗಿ ಹಿಂದೆ ಸರಿದು ನಿಲ್ಲುವುದು, ಮನೆಯವರು ಅದನ್ನು ತಡೆಯದೆ ಸುಮ್ಮನಿರುವುದು ಇದರ ಲಕ್ಷಣಗಳು. ಆದರೆ ಆಗಮದ ನಿಯಮವನ್ನೇ ಸ್ವಲ್ಪ ಗಮನವಿಟ್ಟು ನೋಡಿದರೆ ಅದು ಈ ಅನ್ವಯಕ್ಕೆ ಎಡೆಕೊಡುವುದಿಲ್ಲ. ಜೀರ್ಣೋದ್ಧಾರದಲ್ಲಿ ವಿಗ್ರಹದ ಸಾನ್ನಿಧ್ಯವನ್ನು ಮೊದಲು ಕಲಶದ ನೀರಿಗೆ ಆವಾಹಿಸಿಕೊಂಡು, ಬಾಲಾಲಯವೆಂಬ ತಾತ್ಕಾಲಿಕ ಗುಡಿಯಲ್ಲಿ ಪೂಜೆಯನ್ನು ಮುಂದುವರಿಸಿ, ಆಮೇಲೆ ಕಲ್ಲನ್ನು ಮುಟ್ಟುತ್ತಾರೆ. ಎಂದರೆ ಮುರಿದದ್ದು ಕಲ್ಲು, ದೇವತೆಯಲ್ಲ ಎಂಬ ತಿಳಿವಳಿಕೆಯ ಮೇಲೆಯೇ ಆ ವಿಧಿ ನಿಂತಿದೆ. ಪ್ರತಿಷ್ಠೆಯಿಂದ ಚೈತನ್ಯವನ್ನು ಪಡೆಯುವ ಕಲ್ಲಿಗೂ, ತನ್ನದೇ ಚೈತನ್ಯದಿಂದ ಬದುಕಿರುವ ಮನುಷ್ಯಳಿಗೂ ಒಂದೇ ನಿಯಮ ಹೇಗಾದೀತು? ಅಂಗಹೀನರಿಗೆ ಯಜ್ಞದ ಅಧಿಕಾರವುಂಟೇ ಎಂದು ಚರ್ಚಿಸಿದ ಮೀಮಾಂಸಕರು ಕೂಡ ಅದನ್ನು ಕರ್ಮಮಾಡುವ ಸಾಮರ್ಥ್ಯದ ಪ್ರಶ್ನೆಯಾಗಿ ಎತ್ತಿಕೊಂಡರೇ ಹೊರತು ಅಮಂಗಳದ ಪ್ರಶ್ನೆಯಾಗಿ ಅಲ್ಲ, ಮತ್ತು ಸ್ತನದ ನೆರವಿನಿಂದ ಮಾಡಬೇಕಾದ ಯಾವ ವ್ರತವೂ ಯಾವ ಪೂಜೆಯೂ ಇಲ್ಲ.

ಪುರಾಣಗಳು ಇನ್ನೂ ಉದಾರವಾಗಿವೆ. ಸತಿಯ ದೇಹ ತುಂಡುತುಂಡಾಗಿ ನೆಲಕ್ಕೆ ಬಿದ್ದ ಕಡೆಗಳಲ್ಲೆಲ್ಲ ಶಕ್ತಿಪೀಠಗಳಾದವೆಂಬ ಕಥೆಯಲ್ಲಿ, ಜಲಂಧರದಲ್ಲಿ ಬಿದ್ದದ್ದು ಸ್ತನವೆಂದೂ ಮೈಸೂರಿನ ಚಾಮುಂಡಿ ಬೆಟ್ಟದಲ್ಲಿ ಬಿದ್ದದ್ದು ಕೂದಲೆಂದೂ ನಂಬಿಕೆಯಿದೆ. ಭಕ್ತರು ಆ ಪ್ರತಿಯೊಂದು ಕಡೆಯಲ್ಲಿಯೂ ಪೂಜಿಸುವುದು ದೇವಿಯ ಒಂದು ಚೂರನ್ನಲ್ಲ, ಇಡೀ ದೇವಿಯನ್ನು. ಇಳಂಗೋ ಅಡಿಗಳ ತಮಿಳು ಕಾವ್ಯ ‘ಶಿಲಪ್ಪದಿಕಾರಂ’ನಲ್ಲಿ ಕಣ್ಣಗಿ ತನ್ನ ಎಡಸ್ತನವನ್ನು ಕಿತ್ತು ಮಧುರೆಯ ಮೇಲೆ ಎಸೆದು, ಅನ್ಯಾಯದ ನಗರವನ್ನು ಸುಟ್ಟು, ಒಂದೇ ಸ್ತನದವಳಾಗಿ ದೈವತ್ವಕ್ಕೆ ಏರುತ್ತಾಳೆ, ಆಕೆಯನ್ನು ಶ್ರೀಲಂಕಾದಲ್ಲಿ ಬೌದ್ಧರು ಪತ್ತಿನಿ ದೇವಿಯೆಂದು ಇಂದಿಗೂ ಪೂಜಿಸುತ್ತಾರೆ. ಕ್ರೈಸ್ತರಲ್ಲಿ ಸಿಸಿಲಿ ದ್ವೀಪದ ಕತಾನಿಯಾ ನಗರದ ಸಂತ ಅಗಾಥಾ ಮೂರನೆಯ ಶತಮಾನದಲ್ಲಿ ತನ್ನ ನಂಬಿಕೆಯನ್ನು ಬಿಡಲೊಪ್ಪದೆ ಹಿಂಸೆಗೆ ಗುರಿಯಾಗಿ ಸ್ತನಗಳನ್ನು ಕಳೆದುಕೊಂಡಳೆಂಬ ಕಥೆಯಿದ್ದು, ಸ್ತನದ ರೋಗವುಳ್ಳವರು ಆಕೆಯನ್ನು ತಮ್ಮ ರಕ್ಷಕಳೆಂದು ಪ್ರಾರ್ಥಿಸುತ್ತಾರೆ. ಹದಿನೇಳನೆಯ ಶತಮಾನದ ಸ್ಪೇನಿನ ಚಿತ್ರಕಾರ ಸುರ್ಬರಾನ್ ಆಕೆಯನ್ನು ಸೊಗಸಾದ ಉಡುಪಿನಲ್ಲಿ, ಕೈಯಲ್ಲಿ ಹಿಡಿದ ತಟ್ಟೆಯ ಮೇಲೆ ತನ್ನ ಎರಡು ಸ್ತನಗಳನ್ನು ಇಟ್ಟುಕೊಂಡು ನಿಂತಂತೆ ಬರೆದಿದ್ದಾನೆ. ಈ ಮೂರು ಕಥೆಗಳಲ್ಲಿಯೂ ಅಂಗ ಹೋದದ್ದರಿಂದ ಪಾವಿತ್ರ್ಯ ಕುಂದಲಿಲ್ಲ. ಹೀಗಿದ್ದರೂ ಇವುಗಳನ್ನು ರೋಗಿಗೆ ಸಮಾಧಾನವಾಗಿ ಹೇಳುವಾಗ ಒಂದು ತೊಡಕಿದೆ, ಅದನ್ನು ಮುಚ್ಚಿಡಬಾರದು: ಕಣ್ಣಗಿಯೂ ಅಗಾಥಾಳೂ ಅಸಾಮಾನ್ಯರು, ಒಂದು ಧ್ಯೇಯಕ್ಕಾಗಿ ಅಂಗವನ್ನು ಕಳೆದುಕೊಂಡವರು, ಕ್ಯಾನ್ಸರಿನ ರೋಗಿ ಯಾವ ಧ್ಯೇಯವನ್ನೂ ಆರಿಸಿಕೊಂಡವಳಲ್ಲ, ಬದುಕಬೇಕೆಂಬುದಷ್ಟೇ ಅವಳ ಬಯಕೆ. ಅವಳು ದೇವಿಯಾಗಬೇಕಾಗಿಲ್ಲ, ವೀರಳಾಗಬೇಕಾಗಿಯೂ ಇಲ್ಲ.

ದರ್ಶನಕಾರರು ಅಂಗಛೇದವನ್ನು ಇನ್ನೂ ನೇರವಾಗಿ ಎದುರಿಸಿದ್ದಾರೆ. ನ್ಯಾಯ ವೈಶೇಷಿಕರ ಮತದಲ್ಲಿ ಅವಯವಗಳಿಂದ ಕೂಡಿ ಆದ ‘ಅವಯವಿ’, ಎಂದರೆ ಇಡಿಯಾದ ವಸ್ತು, ತನ್ನ ಭಾಗಗಳಿಗಿಂತ ಬೇರೆಯಾದ ಒಂದು ವಸ್ತು. ಒಂದು ಭಾಗ ಹೋದರೆ ಹಳೆಯ ಅವಯವಿ ನಾಶವಾಗಿ ಉಳಿದ ಭಾಗಗಳಿಂದ ಹೊಸದೊಂದು ಅವಯವಿ ಹುಟ್ಟುತ್ತದೆ. ಈ ಮತವನ್ನು ಒಪ್ಪಿದರೆ ಸ್ತನಛೇದನದ ನಂತರ ಇರುವುದು ಹಳೆಯ ದೇಹದ ಅವಶೇಷವಲ್ಲ, ತನ್ನಷ್ಟಕ್ಕೆ ಇಡಿಯಾದ ಬೇರೊಂದು ದೇಹ. ಹಾಗಾದರೆ ಅದೇ ವ್ಯಕ್ತಿ ಉಳಿದಳೆಂದು ಹೇಳುವುದು ಹೇಗೆ? ಉದಯನಾಚಾರ್ಯರು ‘ನ್ಯಾಯಕುಸುಮಾಂಜಲಿ’ಯಲ್ಲಿ ದೇಹವೇ ಆತ್ಮವೆನ್ನುವ ಚಾರ್ವಾಕರಿಗೆ ಉತ್ತರ ಕೊಡುವಾಗ ಹೇಳುವಂತೆ, ಅನುಭವ ಅಂಗಕ್ಕೆ ಸೇರಿದ್ದಾದರೆ ಅಂಗ ಕಡಿದುಹೋದ ಮೇಲೆ ಅದರ ಮೂಲಕ ಅನುಭವಿಸಿದ್ದರ ನೆನಪೂ ಹೋಗಬೇಕಾಗಿತ್ತು, ಹಾಗೆ ಆಗುವುದಿಲ್ಲ, ಆದ್ದರಿಂದ ನೆನಪಿಟ್ಟುಕೊಳ್ಳುವವನು ಅಂಗಕ್ಕಿಂತ ಬೇರೆ. ಕೂಸಿಗೆ ಹಾಲೂಡಿದ ನೆನಪು ಸ್ತನದೊಂದಿಗೆ ಹೋಗುವುದಿಲ್ಲವೆಂಬುದು ಈ ತರ್ಕದಿಂದ ತಾನಾಗಿ ಬರುವ ಮಾತು, ಮತ್ತು ತರ್ಕಶಾಸ್ತ್ರದ ಒಂದು ಮಾತು ನೊಂದವರಿಗೆ ನೇರವಾಗಿ ಒದಗುವ ಅಪರೂಪದ ಉದಾಹರಣೆಯೂ ಹೌದು.

ಜೈನರಿಗೆ ಈ ಪ್ರಶ್ನೆ ಬೇರೆ ರೀತಿಯಲ್ಲಿ ಕಷ್ಟವಾಯಿತು, ಏಕೆಂದರೆ ಅವರ ಮತದಲ್ಲಿ ಜೀವ ದೇಹದಷ್ಟೇ ವಿಸ್ತಾರವುಳ್ಳದ್ದು, ದೇಹದ ಪ್ರತಿಯೊಂದು ಭಾಗದಲ್ಲಿಯೂ ಹರಡಿರುವಂಥದು. ದೇಹವನ್ನು ಕತ್ತರಿಸಿದರೆ ಜೀವವೂ ತುಂಡಾಗಬೇಕಲ್ಲವೇ ಎಂದು ಎದುರಾಳಿಗಳು ಕೇಳಿದರು. ಹೇಮಚಂದ್ರನ ಕೃತಿಯೊಂದಕ್ಕೆ ‘ಸ್ಯಾದ್ವಾದಮಂಜರಿ’ ಎಂಬ ವ್ಯಾಖ್ಯಾನವನ್ನು ಹದಿಮೂರನೆಯ ಶತಮಾನದ ಕೊನೆಯಲ್ಲಿ ಬರೆದ ಮಲ್ಲಿಷೇಣಸೂರಿ ಕೊಡುವ ಉತ್ತರ ಅತಿ ಸೂಕ್ಷ್ಮವಾದದ್ದು: ಕಡಿದ ಅಂಗದಲ್ಲಿದ್ದ ಜೀವಪ್ರದೇಶಗಳು, ಎಂದರೆ ಜೀವದ ಅಂಶಗಳು, ಬೇರೆ ಜೀವವಾಗುವುದಿಲ್ಲ, ತಾವರೆ ದಂಟನ್ನು ಮುರಿದಾಗಲೂ ಒಳಗಿನ ಎಳೆಗಳು ಬಿಡದೆ ಕೂಡಿಕೊಂಡಿರುವಂತೆ ಅವು ಉಳಿದ ದೇಹದೊಳಗೆ ಮರಳಿ ಸೇರಿಕೊಳ್ಳುತ್ತವೆ. ಸ್ತನಛೇದನವಾದ ಅನೇಕ ಹೆಂಗಸರಿಗೆ ಇಲ್ಲದ ಸ್ತನದಲ್ಲಿ ತುರಿಕೆಯೋ ಭಾರವೋ ಚುಚ್ಚಿದಂಥ ನೋವೋ ತಿಂಗಳುಗಳ ನಂತರವೂ ಅನುಭವಕ್ಕೆ ಬರುವುದುಂಟು. ಮಿದುಳು ತನ್ನಲ್ಲಿ ಇಟ್ಟುಕೊಂಡಿರುವ ದೇಹದ ಚಿತ್ರದಲ್ಲಿ ಆ ಅಂಗ ಇನ್ನೂ ಉಳಿದಿರುವುದರಿಂದ, ತುಂಡಾದ ನರಗಳಿಂದ ಬರುವ ಸಂಕೇತಗಳನ್ನು ಅದು ಆ ಅಂಗದ್ದೆಂದೇ ತಿಳಿಯುತ್ತದೆ ಎಂದು ವೈದ್ಯರು ವಿವರಿಸುತ್ತಾರೆ. ಇದರಿಂದ ಮಲ್ಲಿಷೇಣನ ಮತ ಸಿದ್ಧವಾಯಿತೆಂದು ಯಾರೂ ವಾದಿಸಬೇಕಾಗಿಲ್ಲ. ಆದರೂ ಅಂಗವೊಂದು ಹೋದ ಮೇಲೆ ಅದರ ಇರವು ಉಳಿದ ದೇಹದೊಳಗೆ ಹೇಗೆ ನೆಲಸುತ್ತದೆ ಎಂದು ಇಷ್ಟು ಶ್ರದ್ಧೆಯಿಂದ ಯೋಚಿಸಿದ ಪರಂಪರೆಯೊಂದಿದೆ ಎಂಬುದು, ಇಂಥ ಅನುಭವವನ್ನು ಹೇಳಿಕೊಳ್ಳಲು ನಾಚುವ ಹೆಂಗಸರಿಗೆ ತಿಳಿದಿರಬೇಕಾದ ಸಂಗತಿ; ಅದು ಹುಚ್ಚೂ ಅಲ್ಲ, ಭ್ರಮೆಯ ರೋಗವೂ ಅಲ್ಲ.

ಅದ್ವೈತದ ಉತ್ತರವೇ ಎಲ್ಲಕ್ಕಿಂತ ಪ್ರಸಿದ್ಧವಾದದ್ದು, ಮತ್ತು ತಪ್ಪಾಗಿ ಬಳಕೆಯಾಗುವುದೂ ಅದೇ. ಶಂಕರಾಚಾರ್ಯರ ‘ಉಪದೇಶಸಾಹಸ್ರಿ’ಯ ಪದ್ಯಭಾಗದ ಒಂದು ಚಿಕ್ಕ ಪ್ರಕರಣ ಕಡಿದು ಎಸೆದ ಕೈಯಿಂದಲೇ ಆರಂಭವಾಗುತ್ತದೆ: ಕಡಿದುಹೋದ ಕೈಯಿಂದ ಆತ್ಮಕ್ಕೆ ಹೇಗೆ ಯಾವ ವಿಶೇಷಣವೂ ಬರುವುದಿಲ್ಲವೋ, ಹಾಗೆಯೇ ಉಳಿದಿರುವ ದೇಹದಿಂದಲೂ ಬರುವುದಿಲ್ಲ ಎಂಬುದು ಅದರ ತಾತ್ಪರ್ಯ. ತರ್ಕದ ದೃಷ್ಟಿಯಿಂದ ಇದು ಬೆರಗುಹುಟ್ಟಿಸುವ ನಡೆ. ಹೋದ ಅಂಗ ತಾನಲ್ಲವೆಂದು ಒಪ್ಪಿದವನು ಇರುವ ಅಂಗವೂ ತಾನಲ್ಲವೆಂದು ಒಪ್ಪಲೇಬೇಕು. ಆದರೆ ಈ ಮಾತನ್ನು ಶಸ್ತ್ರಚಿಕಿತ್ಸೆಯಾಗಿ ಕಂಕುಳಿನ ಕೆಳಗೆ ರಸ ಬಸಿಯುವ ನಳಿಕೆಯನ್ನು ಸಿಕ್ಕಿಸಿಕೊಂಡು ಮಲಗಿರುವವಳಿಗೆ ನೋಡಲು ಬಂದ ಬಂಧುವೊಬ್ಬ ಹೇಳಿದಾಗ, ಅದೇ ಮಾತು ಬೇರೆಯಾಗಿಬಿಡುತ್ತದೆ. ಶಾಸ್ತ್ರದಲ್ಲಿ ಅದು ವಿವೇಕ ವೈರಾಗ್ಯಗಳನ್ನು ಸಂಪಾದಿಸಿ, ತಾನಾಗಿ ಗುರುವಿನ ಬಳಿಗೆ ಬಂದು ಕೇಳಿದ ಜಿಜ್ಞಾಸುವಿಗೆ ಹೇಳಿದ್ದು. ಅವನು ಅದನ್ನು ತನ್ನ ವಿಷಯದಲ್ಲಿ ತಾನೇ ವಿಚಾರಮಾಡಿ ಕಂಡುಕೊಳ್ಳಬೇಕಾದದ್ದು. ದುಃಖದಲ್ಲಿರುವವಳಿಗೆ ಕೇಳದೆ ಹೇಳಿದರೆ ಅದು ಉಪದೇಶವಾಗದೆ, ಅಳಬೇಡ, ನಿನ್ನ ಅಳುವಿನಿಂದ ನಮಗೆ ಕಷ್ಟವಾಗುತ್ತಿದೆ ಎಂಬ ಆಜ್ಞೆಯಾಗುತ್ತದೆ. ಆತ್ಮದ ಅಸಂಗತ್ವ, ಎಂದರೆ ಅದು ಯಾವುದಕ್ಕೂ ಅಂಟಿಕೊಳ್ಳದಿರುವುದು, ಪ್ರತಿಯೊಬ್ಬರೂ ತಮ್ಮ ಬಗ್ಗೆ ಮಾತ್ರ ಹೇಳಿಕೊಳ್ಳಬಹುದಾದ ಸತ್ಯ. ಇನ್ನೊಬ್ಬರ ಗಾಯವನ್ನು ನೋಡುತ್ತ ಅದನ್ನು ಹೇಳುವ ಅಧಿಕಾರ ಯಾರಿಗೂ ಇಲ್ಲ.

ಇದಕ್ಕೆ ಶಂಕರರ ಬರಹದಲ್ಲಿಯೇ ಆಧಾರವಿದೆ. ಬ್ರಹ್ಮಸೂತ್ರಭಾಷ್ಯದ ಆರಂಭದಲ್ಲಿ ಅಧ್ಯಾಸವನ್ನು, ಎಂದರೆ ಒಂದರ ಧರ್ಮವನ್ನು ಇನ್ನೊಂದರ ಮೇಲೆ ಹೊರಿಸುವ ತಪ್ಪು ತಿಳಿವನ್ನು, ವಿವರಿಸುವಾಗ ಅವರು ಮೊದಲು ಕೊಡುವ ಉದಾಹರಣೆ ದಪ್ಪ, ತೆಳು, ಕಪ್ಪು, ಬಿಳುಪು ಎಂಬಂಥ ದೇಹದ ಗುಣಗಳನ್ನು ತನ್ನವೆಂದು ತಿಳಿಯುವುದಲ್ಲ. ಅದಕ್ಕೂ ಮೊದಲು ಬರುವುದು ಮಗನೋ ಹೆಂಡತಿಯೋ ವಿಕಲರಾದರೆ, ಎಂದರೆ ಏನಾದರೂ ಕೊರತೆಗೆ ಒಳಗಾದರೆ, ತಾನೇ ವಿಕಲನಾದೆನೆಂದು ತಿಳಿಯುವುದು. ಈ ಉದಾಹರಣೆಯಲ್ಲಿ ತಪ್ಪು ತಿಳಿದಿರುವವರು ಯಾರು ಎಂಬುದನ್ನು ಗಮನಿಸಬೇಕು. ಅಂಗ ಕಳೆದುಕೊಂಡವಳಲ್ಲ, ಅವಳನ್ನು ನೋಡಿ ತನ್ನ ಮನೆಗೆ, ತನ್ನ ದಾಂಪತ್ಯಕ್ಕೆ, ತನ್ನ ಹೆಸರಿಗೆ ಕುಂದು ಬಂತೆಂದುಕೊಳ್ಳುವ ಗಂಡ, ಅತ್ತೆ, ತಾಯಿ. ಆದ್ದರಿಂದ ಸ್ತನಛೇದನದ ಸಂದರ್ಭದಲ್ಲಿ ವೇದಾಂತಕ್ಕೆ ಕೆಲಸವಿರುವುದು ಮಂಚದ ಮೇಲಲ್ಲ, ಮಂಚದ ಪಕ್ಕದ ಕುರ್ಚಿಯಲ್ಲಿ. ರೋಗಿಗೆ ಬೇಕಾದದ್ದು ನೋವಿನ ಔಷಧ, ತೋಳಿನ ವ್ಯಾಯಾಮ, ಸರಿಯಾದ ಮಾಹಿತಿ, ಅಳುವುದಕ್ಕೆ ಎಡೆ. ವಿವೇಕವನ್ನು ಅಭ್ಯಾಸಮಾಡಬೇಕಾದವರು ಸುತ್ತಲಿನವರು.

ಇದು ಬರಿಯ ತರ್ಕವಲ್ಲವೆಂಬುದಕ್ಕೆ ಇಂಗ್ಲಿಷ್ ಕಾದಂಬರಿಗಾರ್ತಿ ಫ್ಯಾನಿ ಬರ್ನಿಯ ಅನುಭವವೇ ಸಾಕು. ಅರಿವಳಿಕೆ ಇಲ್ಲದ ಕಾಲದಲ್ಲಿ, 1811ರ ಸೆಪ್ಟೆಂಬರ್ 30ರಂದು ಪ್ಯಾರಿಸ್ಸಿನ ತನ್ನ ಮನೆಯಲ್ಲಿ, ನೆಪೋಲಿಯನ್ನನ ಸೈನ್ಯದ ಪ್ರಖ್ಯಾತ ಶಸ್ತ್ರವೈದ್ಯ ಲಾರೆ ಮತ್ತಿತರರಿಂದ ಆಕೆ ಬಲಸ್ತನವನ್ನು ತೆಗೆಸಿಕೊಂಡಳು. ತಿಂಗಳುಗಳ ನಂತರ ಅಕ್ಕ ಎಸ್ತರಳಿಗೆ ಅದನ್ನು ದೀರ್ಘ ಪತ್ರದಲ್ಲಿ ಬರೆದಳು, ಮತ್ತು ಆ ಬಳಿಕ 1840ರವರೆಗೆ ಬದುಕಿದಳು. ಆ ದಿನದ ಸಿದ್ಧತೆಯ ನಡುವೆಯೂ ಆಕೆ ಮಾಡಿದ ಒಂದು ಕೆಲಸವೆಂದರೆ, ಆ ಹೊತ್ತಿಗೆ ಗಂಡ ಮನೆಯಲ್ಲಿ ಇರದಂತೆ ನೋಡಿಕೊಂಡದ್ದು. ಅವನು ನೋಡಿ ಸಂಕಟಪಡಬಾರದೆಂಬ ಕಾಳಜಿ ಅವಳದು. ಕತ್ತಿಗೆ ಎದೆಯೊಡ್ಡಬೇಕಾದವಳು ನೋಡುವವರ ನೋವನ್ನೂ ಹೊತ್ತಳು. ಕರ್ನಾಟಕದ ಮನೆಗಳಲ್ಲಿಯೂ ಮಗಳ ಮದುವೆ ಮುಗಿಯಲಿ, ಮಗನ ಪರೀಕ್ಷೆ ಕಳೆಯಲಿ, ಯಜಮಾನರಿಗೆ ಚಿಂತೆ ಯಾಕೆ ಎಂದು ಗಂಟನ್ನು ಮುಚ್ಚಿಟ್ಟುಕೊಳ್ಳುವ ಹೆಂಗಸರು ಮಾಡುತ್ತಿರುವುದು ಇದನ್ನೇ, ಮತ್ತು ಅದರ ಬೆಲೆಯನ್ನು ಅನೇಕರು ಪ್ರಾಣದಿಂದ ತೆರುತ್ತಾರೆ. ಇದನ್ನು ತ್ಯಾಗವೆಂದು ಹೊಗಳುವುದನ್ನು ಧರ್ಮದ ಹೆಸರಿನಲ್ಲಿ ಮಾತನಾಡುವವರು ನಿಲ್ಲಿಸಬೇಕು.

ಕರ್ಮದ ಪ್ರಶ್ನೆಗೆ ಹೆಚ್ಚು ವಿಸ್ತಾರ ಬೇಕಾಗಿಲ್ಲ. ಹಿಂದಿನ ಜನ್ಮದ ಕರ್ಮವೂ ರೋಗಗಳಿಗೆ ಒಂದು ಕಾರಣವೆಂದು ಚರಕಸಂಹಿತೆ ಒಪ್ಪುತ್ತದೆಂಬುದು ನಿಜ. ಆದರೆ ಅದೇ ಸಂಹಿತೆಯ ವಿಮಾನಸ್ಥಾನದಲ್ಲಿ ಆಯುಸ್ಸು ಮೊದಲೇ ನಿಶ್ಚಿತವೇ ಎಂದು ಅಗ್ನಿವೇಶ ಕೇಳಿದಾಗ, ಎಲ್ಲವೂ ನಿಶ್ಚಿತವಾಗಿದ್ದರೆ ಔಷಧಕ್ಕೂ ಎಚ್ಚರಕ್ಕೂ ಅರ್ಥವೇ ಇರುತ್ತಿರಲಿಲ್ಲವೆಂದು ಆತ್ರೇಯ ಉತ್ತರಿಸಿ, ದೈವ ಮತ್ತು ಪುರುಷಪ್ರಯತ್ನ ಎರಡರ ಬಲಾಬಲದಿಂದ ಆಯುಸ್ಸು ನಿರ್ಣಯವಾಗುತ್ತದೆನ್ನುತ್ತಾನೆ. ಕರ್ಮಸಿದ್ಧಾಂತವನ್ನು ನಂಬಿದ ವೈದ್ಯನೇ ಅದನ್ನು ಚಿಕಿತ್ಸೆಗೆ ಅಡ್ಡಿಯಾಗಲು ಬಿಡಲಿಲ್ಲ. ಸ್ತನ ಕ್ಯಾನ್ಸರ್ ಬಂದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೆಣ್ಣಾಗಿರುವುದು ಮತ್ತು ವಯಸ್ಸು ಇವೆರಡನ್ನು ಬಿಟ್ಟರೆ ಬೇರೆ ಗುರುತಿಸಬಹುದಾದ ಅಪಾಯಕಾರಣವೇ ಇರುವುದಿಲ್ಲ. ಕಾರಣ ಕಾಣದ ಕಡೆಯಲ್ಲಿ ತಪ್ಪನ್ನು ಹುಡುಕಿ ರೋಗಿಯ ತಲೆಗೆ ಕಟ್ಟುವುದು ಶಾಸ್ತ್ರವೂ ಅಲ್ಲ, ದಯೆಯೂ ಅಲ್ಲ.

ಹೆಣ್ತನದ ಪ್ರಶ್ನೆಗೆ ಕನ್ನಡದಲ್ಲಿಯೇ ಉತ್ತರವಿದೆ. ಹನ್ನೆರಡನೆಯ ಶತಮಾನದ ಶರಣರ ಚಳವಳಿಗೂ ಮುಂಚಿನವನೆಂದು ತಿಳಿಯಲಾದ ವಚನಕಾರ ಜೇಡರ ದಾಸಿಮಯ್ಯ, ಸ್ತನವನ್ನೂ ಕೂದಲನ್ನೂ ನೋಡಿ ಹೆಣ್ಣೆನ್ನುವ ಲೋಕದ ಎದುರು, ಒಳಗಿನ ಆತ್ಮಕ್ಕೆ ಆ ಭೇದವಿಲ್ಲವೆಂದ. ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಕೀಮೋಥೆರಪಿಯಿಂದ ಕೂದಲು, ಶಸ್ತ್ರದಿಂದ ಸ್ತನ ಎರಡೂ ಹೋಗುವುದನ್ನು ನೆನೆದರೆ ಅವನ ಮಾತು ಇಂದಿನ ವಾರ್ಡಿಗೆ ಎಷ್ಟು ಹತ್ತಿರ ಬರುತ್ತದೆಂಬುದು ತಿಳಿಯುತ್ತದೆ. ಅದು ಕಳೆದುಕೊಂಡವಳಿಗೆ ಹೇಳಿದ ಸಮಾಧಾನವಾಗಿರದೆ ನೋಡುವ ಲೋಕಕ್ಕೆ ಹೇಳಿದ ಮಾತಾಗಿದೆ ಎಂಬುದರಲ್ಲಿ ಅದರ ಹೆಚ್ಚಳವಿದೆ. ಈ ರೋಗ ನೂರಕ್ಕೆ ಒಂದಕ್ಕಿಂತ ಹೆಚ್ಚಲ್ಲದ ಪ್ರಮಾಣದಲ್ಲಿ ಗಂಡಸರಿಗೂ ಬರುತ್ತದೆ, ಅವರಿಗೂ ಬಹುಮಟ್ಟಿಗೆ ಛೇದನವನ್ನೇ ಮಾಡುತ್ತಾರೆ. ಆಗ ಅವರ ಗಂಡಸುತನ ಹೋಯಿತೆಂದು ಯಾರೂ ಹೇಳುವುದಿಲ್ಲ.

ಆರೋಗ್ಯವಾಗಿರುವ ಸ್ತನವನ್ನು ಮುಂಜಾಗ್ರತೆಯಾಗಿ ತೆಗೆಸಿಕೊಳ್ಳುವುದು ಈ ಕಾಲದ ಹೊಸ ಪ್ರಶ್ನೆ. ತಳಿವಿಜ್ಞಾನಿ ಮೇರಿ ಕ್ಲೇರ್ ಕಿಂಗ್ 1990ರಲ್ಲಿ ವರ್ಣತಂತುವಿನ ಮೇಲೆ ನೆಲೆಯನ್ನು ತೋರಿಸಿಕೊಟ್ಟ, 1994ರಲ್ಲಿ ಬೇರ್ಪಡಿಸಲಾದ ಬಿಆರ್‌ಸಿಎ-1 ಎಂಬ ಜೀನಿನಲ್ಲಿ ದೋಷವುಳ್ಳ ಹೆಂಗಸರಿಗೆ ಜೀವಮಾನದಲ್ಲಿ ಸ್ತನ ಕ್ಯಾನ್ಸರ್ ಬರುವ ಸಂಭವ ಅರ್ಧಕ್ಕಿಂತ ಹೆಚ್ಚು. ನಟಿ ಏಂಜಲೀನಾ ಜೋಲಿ 2013ರಲ್ಲಿ ತಾನು ಎರಡೂ ಸ್ತನಗಳನ್ನು ತೆಗೆಸಿಕೊಂಡದ್ದನ್ನು ಪ್ರಕಟಿಸಿದ ಮೇಲೆ ಇದು ಲೋಕಕ್ಕೆಲ್ಲ ತಿಳಿಯಿತು. ಪತಂಜಲಿಯ ಯೋಗಸೂತ್ರ ತಪ್ಪಿಸಬೇಕಾದದ್ದು ಇನ್ನೂ ಬಾರದ ದುಃಖವೆನ್ನುತ್ತದೆ, ಮತ್ತು ಅದರ ವ್ಯಾಸಭಾಷ್ಯ ರೋಗ, ರೋಗದ ಕಾರಣ, ಆರೋಗ್ಯ, ಔಷಧ ಎಂಬ ವೈದ್ಯಶಾಸ್ತ್ರದ ನಾಲ್ಕು ಅಂಗಗಳ ಮಾದರಿಯಲ್ಲಿಯೇ ಯೋಗವನ್ನು ವಿವರಿಸುತ್ತದೆ. ಆದರೆ ಪತಂಜಲಿಗೆ ಬರಲಿರುವ ದುಃಖ ಖಚಿತವಾದದ್ದು, ಜೀನಿನ ವರದಿಯಲ್ಲಿರುವುದು ಸಂಭವ ಮಾತ್ರ. ಖಚಿತವಲ್ಲದ ನಾಳೆಗಾಗಿ ಇಂದಿನ ಅಂಗವನ್ನು ಬಿಡುವುದು ಸರಿಯೇ ಎಂಬುದಕ್ಕೆ ಶಾಸ್ತ್ರದಿಂದ ನೇರ ಉತ್ತರ ಸಿಗುವುದಿಲ್ಲ. ತಾಯಿಯನ್ನೂ ಅಕ್ಕನನ್ನೂ ಈ ರೋಗಕ್ಕೆ ಕಳೆದುಕೊಂಡವಳು ಆ ಸಂಭವವನ್ನು ತೂಗುವ ರೀತಿಯೇ ಬೇರೆ, ಮತ್ತು ತೂಗುವ ಕೈ ಅವಳದಾಗಿರಬೇಕು. ನಿಯಮಿತ ಎಂಆರ್‌ಐ ತಪಾಸಣೆ ಮತ್ತು ಔಷಧಗಳ ದಾರಿಯೂ ಇದೆಯೆಂದು ಅವಳಿಗೆ ತಿಳಿಸದೆ ಒಪ್ಪಿಗೆ ಪಡೆದರೆ ಅದು ಒಪ್ಪಿಗೆಯೇ ಅಲ್ಲ.

ಛೇದನದ ನಂತರ ಸ್ತನವನ್ನು ಮತ್ತೆ ರೂಪಿಸಿಕೊಳ್ಳಬೇಕೇ ಎಂಬುದರಲ್ಲಿಯೂ ಸುತ್ತಲಿನವರ ಅಧ್ಯಾಸ ಇಣುಕುತ್ತದೆ. ಅಮೆರಿಕದ ಕವಯಿತ್ರಿ ಆಡ್ರಿ ಲಾರ್ಡ್ ತನ್ನ ಛೇದನದ ಬಳಿಕ ಕೃತಕ ಸ್ತನವನ್ನು ಧರಿಸಲು ಒಪ್ಪದೆ, 1980ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಇತರರ ಕಣ್ಣಿಗೆ ಹಿತವಾಗಲೆಂದು ಹೆಂಗಸರ ನಷ್ಟವನ್ನು ಮರೆಮಾಡಿಸುವ ಒತ್ತಾಯವನ್ನು ಕಟುವಾಗಿ ಪ್ರಶ್ನಿಸಿದಳು. ಆಕೆಯ ನಿಲುವನ್ನು ಎಲ್ಲರ ಮೇಲೂ ಹೇರಿದರೆ ಅದೂ ಒತ್ತಾಯವೇ ಆಗುತ್ತದೆ. ಸೀರೆಯ ಸೆರಗು ಸರಿಯಾಗಿ ನಿಲ್ಲಲಿ, ದೇಹದ ತೂಕ ಎರಡೂ ಕಡೆ ಸಮನಾಗಿರಲಿ, ಕನ್ನಡಿಯ ಮುಂದೆ ತನಗೆ ತಾನು ಹಿತವಾಗಿ ಕಾಣಲಿ ಎಂದು ಬಯಸುವುದರಲ್ಲಿ ದೇಹಾಭಿಮಾನದ ದೋಷವೇನೂ ಇಲ್ಲ. ರವಿಕೆಯೊಳಗೆ ಇಟ್ಟುಕೊಳ್ಳುವ ಹತ್ತಿಯ ಅಥವಾ ಸಿಲಿಕೋನಿನ ಕೃತಕ ಸ್ತನ, ಚರ್ಮದ ಕೆಳಗೆ ಇಡುವ ಇಂಪ್ಲಾಂಟ್, ಹೊಟ್ಟೆಯ ಅಥವಾ ಬೆನ್ನಿನ ಸ್ವಂತ ಅಂಗಾಂಶದಿಂದ ಸ್ತನವನ್ನು ರೂಪಿಸುವ ಶಸ್ತ್ರಚಿಕಿತ್ಸೆ, ಏನೂ ಬೇಡವೆಂದು ಎದೆಯನ್ನು ಸಮತಟ್ಟಾಗಿ ಹೊಲಿಸಿಕೊಳ್ಳುವುದು ಇವೆಲ್ಲ ಇಂದು ಇರುವ ದಾರಿಗಳು. ಮರುರೂಪಣೆಯನ್ನು ಛೇದನದ ಜೊತೆಗೇ ಮಾಡಿಸಿಕೊಳ್ಳಬಹುದು, ವಿಕಿರಣ ಕೀಮೋಥೆರಪಿಗಳೆಲ್ಲ ಮುಗಿದ ಮೇಲೆ, ಬೇಕಾದರೆ ವರ್ಷಗಳು ಕಳೆದ ಮೇಲೆ, ಮಾಡಿಸಿಕೊಳ್ಳುವುದಕ್ಕೂ ಅಡ್ಡಿಯಿಲ್ಲ. ಆದ್ದರಿಂದ ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಗಾಬರಿಯಲ್ಲಿರುವ ಹೆಂಗಸಿನಿಂದ ಈ ಒಂದು ಉತ್ತರವನ್ನು ಯಾರೂ ಅವಸರಪಡಿಸಿ ಪಡೆಯಬೇಕಾಗಿಲ್ಲ.